ವಿದ್ಯಾರ್ಥಿ ಕಟ್ಟಿದ ಸಂಘ



ಸಂಘಗಳನ್ನು ಕಟ್ಟುವುದು ಹಿರಿಯರ ಕೆಲಸವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇಂಡಸ್ಟ್ರಿಯಲ್ ಎಂಜಿನಿಯರಿಂಗ್‌ನ ಚರಿತ್ರೆ ಬೇರೆಯೇ ಮಾತನ್ನು ಹೇಳುತ್ತದೆ. ಶ್ರಮ, ಯಂತ್ರ, ಸಮಯಗಳು ವ್ಯರ್ಥವಾಗದಂತೆ ಹೊಂದಿಸುವ ಈ ವಿದ್ಯೆಗಾಗಿ ಅಮೆರಿಕದ ವೃತ್ತಿನಿರತರು 1948ರಲ್ಲಿ ಒಹಾಯೋದ ಕೊಲಂಬಸ್ ನಗರದಲ್ಲಿ ರಾಷ್ಟ್ರೀಯ ಸಂಸ್ಥೆಯೊಂದನ್ನು ಸ್ಥಾಪಿಸಿದರು. ವಿದ್ಯಾರ್ಥಿಗಳೂ ಹಿಂದುಳಿಯಲಿಲ್ಲ. ವಿದ್ಯುತ್ ಎಂಜಿನಿಯರಿಂಗ್‌ನ ಪ್ರತಿಭಾವಂತರಿಗೆ 1904ರಿಂದಲೇ ಗೌರವ ಸಂಘವಿತ್ತು, ಇವರಿಗಿರಲಿಲ್ಲ. ಆ ಕೊರತೆಯನ್ನು 1949ರಲ್ಲಿ ನೀಗಿದವರು ಜಾರ್ಜಿಯಾ ಟೆಕ್‌ನ ವಿದ್ಯಾರ್ಥಿ ಜೇಮ್ಸ್ ಟಿ. ಫ್ರೀಮನ್. ಅವರು ಕಟ್ಟಿದ ಸಂಘವೇ ‘ಆಲ್ಫಾ ಪೈ ಮ್ಯೂ’.

ಹಿರಿಯರ ಸಂಸ್ಥೆ 1981ರಲ್ಲಿ ತನ್ನ ಹೆಸರಿನಿಂದ ‘ಅಮೆರಿಕನ್’ ಪದವನ್ನು ಕೈಬಿಟ್ಟಿತು. 2016ರಲ್ಲಿ ‘ಸಿಸ್ಟಮ್ಸ್’ ಸೇರಿಸಿಕೊಂಡಿತು. ವಿದ್ಯಾರ್ಥಿ ಇಟ್ಟ ಹೆಸರು ಹಾಗೆಯೇ ಉಳಿದಿದೆ. ನಿಮ್ಮ ಮಕ್ಕಳು ಕಾಲೇಜಿನಲ್ಲಿ ಸಂಘ ಕಟ್ಟುತ್ತೇವೆಂದಾಗ, ಅದನ್ನು ಓದಿಗೆ ಅಡ್ಡಿಯೆಂದು ಬಗೆಯದಿರಿ. ವೃತ್ತಿಯ ಹೊಣೆಗಾರಿಕೆ ಮೊಳೆಯುವುದು ಅಲ್ಲಿಯೇ.