ಏನಿದು ಎಚ್-ಇಂಡೆಕ್ಸ್?

ವಿಜ್ಞಾನಿಯೊಬ್ಬರ ಸಂಶೋಧನೆಯ ತೂಕವನ್ನು ಒಂದೇ ಅಂಕಿಯಲ್ಲಿ ಹೇಳಬಹುದೆ? ಹಾಗೊಂದು ಸೂತ್ರವನ್ನು 2005ರಲ್ಲಿ ಮುಂದಿಟ್ಟವರು ಅಮೆರಿಕದ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹೋರ್ಹೆ ಹಿರ್ಶ್.

ಪ್ರಬಂಧಗಳನ್ನು ಅವು ಪಡೆದ ಉಲ್ಲೇಖಗಳ ಇಳಿಕೆ ಕ್ರಮದಲ್ಲಿ ಜೋಡಿಸಬೇಕು. ಮೊದಲ ಹತ್ತಕ್ಕೆ ತಲಾ ಹತ್ತಾದರೂ ಉಲ್ಲೇಖಗಳಿದ್ದು, ಹನ್ನೊಂದನೆಯದಕ್ಕೆ ಹನ್ನೊಂದು ದೊರೆಯದಿದ್ದರೆ ಸೂಚ್ಯಂಕ 10. ಸಾವಿರ ಬಾರಿ ಉಲ್ಲೇಖಗೊಂಡ ಒಂದೇ ಒಂದು ಪ್ರಬಂಧ ಬರೆದವರಿಗೆ ದಕ್ಕುವುದು ಬರೀ 1!

ತೊಡಕಿರುವುದು ಇಲ್ಲಿಯೇ. ಗಣಿತಜ್ಞರು ವಿರಳವಾಗಿ ಬರೆಯುತ್ತಾರೆ, ಜೀವವಿಜ್ಞಾನಿಗಳು ಹೇರಳವಾಗಿ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ವರ್ಷ ಕಳೆದಂತೆ ಅಂಕಿ ಏರಬಹುದೇ ಹೊರತು ಇಳಿಯದು. ಹಾಗಾಗಿ ಕಿರಿಯರಿಗೆ ಪೆಟ್ಟು. ತಮ್ಮನ್ನು ತಾವೇ ಉಲ್ಲೇಖಿಸಿಕೊಳ್ಳುವವರಿಗಂತೂ ಸುಗ್ಗಿ. ಆದರೂ ನೇಮಕಾತಿ, ಬಡ್ತಿ, ಅನುದಾನದ ಕಡತಗಳಿಗೆ ಈ ಅಂಕಿ ಹೊಕ್ಕಿದೆ. ಇದರಿಂದ ತೀವ್ರ ದುಷ್ಪರಿಣಾಮಗಳೂ ಆಗಬಲ್ಲವೆಂದು 2020ರಲ್ಲಿ ಸ್ವತಃ ಹಿರ್ಶ್ ಅವರೇ ಬರೆದರು.