ಬಾಟಲಿ ಮ್ಯಾಲಿನ 12: ವಿಸ್ಕಿ ವಯಸ್ಸಿನ ಲೆಕ್ಕ

1/4
ಖಾನಾಪುರದ ನಮ್ಮ ಮಾವನ ಮನಿ ಶೋಕೇಸ್‌ನಾಗ ಒಂದು ಸ್ಕಾಚ್ ಸಿಂಗಲ್ ಮಾಲ್ಟ್ ಐತಿ. ಮ್ಯಾಲೆ 12 ಅಂತ ಬರದೈತಿ. ದುಬೈಯಿಂದ ತಂದು 10 ವರ್ಷ ಆತು, ಮುಚ್ಚಳ ತೆಗೆದಿಲ್ಲ. "ಈಗ ಅದಕ್ಕ 22 ನೋಡು" ಅಂತಾನ ಮಾವ. ನಾನೂ ನಂಬಿದ್ದೆ.

ತಪ್ಪು ಲೆಕ್ಕ ದೋಸ್ತ. ವಿಸ್ಕಿಗೆ ವಯಸ್ಸಾಗೋದು ಓಕ್ ಪೀಪಾಯಿಯೊಳಗೆ ಮಾತ್ರ. ಗಾಜಿನ ಬಾಟಲಿಗೆ ಬಿತ್ತು ಅಂದ್ರೆ ವಯಸ್ಸು ಅಲ್ಲೇ ನಿಂತಿತು. ಸ್ಕಾಚ್ ಕಾನೂನಿನ ಪ್ರಕಾರ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು. ಲೇಬಲ್ ಮೇಲಿನ ಅಂಕಿ, ಬೆರೆಸಿದ್ದರಲ್ಲಿ ಅತಿ ಕಿರಿಯದರ ವಯಸ್ಸು.

2/4
ಬಿಕಾಂನವರೇ, ಡಿಪ್ರಿಸಿಯೇಷನ್ ನೆನಪೈತಿಲ್ಲ? ಪೀಪಾಯಿಯಿಂದ ಪ್ರತಿ ವರ್ಷ ಸ್ವಲ್ಪ ಆವಿಯಾಗುತ್ತೆ. ಅದಕ್ಕೆ 'ದೇವತೆಗಳ ಪಾಲು' ಅಂತಾರೆ. ತಂಪಾದ ಸ್ಕಾಟ್ಲೆಂಡ್‌ನಲ್ಲಿ ಸುಮಾರು 2%, ಬೆಂಗಳೂರಿನಲ್ಲಿ 10%ಕ್ಕೂ ಹೆಚ್ಚು. 200 ಲೀಟರ್ ಹಾಕಿ, ರಿಟನ್ ಡೌನ್ ವ್ಯಾಲ್ಯೂ ವಿಧಾನದಲ್ಲಿ 12 ವರ್ಷ ಕಳೆಯಿರಿ. ಅಲ್ಲಿ ಸುಮಾರು 157 ಲೀಟರ್ ಉಳಿಯುತ್ತೆ. ಇಲ್ಲಿ 10% ಹಿಡಿದರೂ ಬರೀ 56!

3/4
ಈ ಲೆಕ್ಕದ ಮೇಲೇ ನಮ್ಮ ರಾಜ್ಯದ ಕಥೆ ನಿಂತೈತಿ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಶುರುವಾದದ್ದು 1948ರಲ್ಲಿ, ರಾಧಾಕೃಷ್ಣ ಜಗದಾಳೆ ಅವರಿಂದ. ಮೊಮ್ಮಗ ರಕ್ಷಿತ್ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಓದುವಾಗ, ಭಾರತದ ಸಿಂಗಲ್ ಮಾಲ್ಟ್ ಅಲ್ಲಿ ಮಾರಾಟ ಆಗುತ್ತಾ ಅಂತ ಅಧ್ಯಯನ ಮಾಡಿದರು. ಒಬ್ಬ ವಿದ್ಯಾರ್ಥಿಯ ಪ್ರಾಜೆಕ್ಟ್! 2004ರಲ್ಲಿ ಅಮೃತ್ ಬಿಡುಗಡೆ ಆಗಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ. 2010ರ 'ವಿಸ್ಕಿ ಬೈಬಲ್'ನಲ್ಲಿ ಜಿಮ್ ಮರ್ರಿ ಅಮೃತ್ ಫ್ಯೂಷನ್‌ಗೆ ಜಗತ್ತಿನ 3ನೇ ಸ್ಥಾನ ಕೊಟ್ಟರು. ಅದರ ಲೇಬಲ್ ಮೇಲೆ ವಯಸ್ಸೇ ಇಲ್ಲ.

ಕಾರಣ ಬಿಸಿಲು. ಇಲ್ಲಿನ 1 ವರ್ಷ ಅಲ್ಲಿನ ಸುಮಾರು 3 ವರ್ಷಕ್ಕೆ ಸಮ ಅಂತ ಅಮೃತ್‌ನ ಅಂದಿನ ಬ್ಲೆಂಡರ್ ಸುರಿಂದರ್ ಕುಮಾರ್ ಅಂದಾಜು. ಬಹಳ ದಿನ ಬಿಟ್ಟರೆ ಪೀಪಾಯಿ ಖಾಲಿಯಾಗುತ್ತೆ, ಮರದ ಒಗರು ಏರುತ್ತೆ. 2013ರಲ್ಲಿ ಅವರು 8 ವರ್ಷದ್ದೊಂದನ್ನು ಹೊರತಂದಾಗ ಇಟ್ಟ ಹೆಸರು 'ಗ್ರೀಡಿ ಏಂಜೆಲ್ಸ್', ಅಂದ್ರೆ ದುರಾಸೆಯ ದೇವತೆಗಳು. ಹಾಗಾಗಿ 12 ಮತ್ತು 18 ಹೋಲಿಸೋದು ಒಂದೇ ಊರಿನ ಹವೆಯಲ್ಲಿ ಸರಿ. ಊರು ಬದಲಾದ್ರೆ ಅಂಕಿ ಸುಳ್ಳು ಹೇಳುತ್ತೆ.

4/4
ನಾನು ಕುಡಿಯಲ್ಲ. ಕುಡೀರಿ ಅಂತಲೂ ಬರೀತಿಲ್ಲ. ನಮ್ಮ ಅಜ್ಜ ಕುಡಿತದಾಗ 2 ಎಕರೆ ಭತ್ತದ ಗದ್ದೆ ಕಳಕೊಂಡ. ಮಾವನ ಬಾಟಲಿ ಇನ್ನೂ ತೆಗೆಯದೆ ಇರೋದು ಅದಕ್ಕೇ, ಅಜ್ಜಿ ಬಿಟ್ಟಿಲ್ಲ. ಮೊನ್ನೆ ಬೆಳಗಾವಿಯಿಂದ ಹೋದಾಗ ಅಕಿಗೆ ದೇವತೆಗಳ ಪಾಲಿನ ಕಥಿ ಹೇಳಿದೆ. ನಕ್ಕಳು. "ಪೀಪಾಯಿದಾಗಿಂದ ದೇವರು ಒಯ್ದ, ಗದ್ದಿ ಯಾರು ಒಯ್ದರು ಕೇಳು" ಅಂದಳು.

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ನಿಮ್ಮ ಮನಿ ಶೋಕೇಸ್‌ನಾಗೂ ಇಂಥ ಬಾಟಲಿ ಐತೇನು? ಕಾಮೆಂಟ್‌ನಾಗ ಬರೀರಿ.

#ಬೆಳಗಾವಿ #ಖಾನಾಪುರ #ಇತಿಹಾಸದಲೆಕ್ಕ