ಜಗಲಿ ಬೆಳೆದು ಬೆಟ್ಟವಾದ ಸ್ತೂಪ

ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲಾಗಲಿ ಸಾಂಚಿಯಲ್ಲಾಗಲಿ ಸ್ತೂಪವೆಂದರೆ ದುಂಡನೆಯ ಅಂಡ. ಭಕ್ತರು ಅದಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದರೇ ಹೊರತು ನೆತ್ತಿಗೆ ಏರುತ್ತಿರಲಿಲ್ಲ. ಗಾಂಧಾರಕ್ಕೆ ಬಂದಾಗ ಅಂಡದ ಕೆಳಗಿನ ಜಗಲಿ ಚೌಕವಾಯಿತು. ಮುಂದಿನ ಕತೆಯೆಲ್ಲ ಈ ಜಗಲಿಯದೇ. ಅದು ಒಂದರ ಮೇಲೊಂದು ಹಂತವಾಗಿ ಬೆಳೆಯಿತು, ಅಂಡ ಕುಗ್ಗುತ್ತ ಹೋಯಿತು. ದೂರದಿಂದ ಕಂಡವರು ಪಿರಮಿಡ್ ಅನ್ನುತ್ತಾರೆ. ಆದರೆ ಈಜಿಪ್ಟಿನದು ರಾಜನನ್ನು ಒಳಗಿಟ್ಟು ಮುಚ್ಚಿದ ಗೋರಿ, ಇವುಗಳಲ್ಲಿ ಹೆಚ್ಚಿನವು ಹತ್ತಿ ಸುತ್ತಲೆಂದು ಕಟ್ಟಿದವು.

ಬಿಹಾರದ ಕೇಸರಿಯಾದಲ್ಲಿ ಬಹುಕಾಲ ಕಾಣುತ್ತಿದ್ದುದು ಗಿಡಗಂಟಿ ಬೆಳೆದ ದಿಬ್ಬ. 1998ರಲ್ಲಿ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಅಗೆಯತೊಡಗಿದಾಗ ಇಟ್ಟಿಗೆಯ ಹಂತಗಳೂ ಅವುಗಳ ಗೂಡುಗಳಲ್ಲಿ ಕೂತ ಬುದ್ಧನ ಗಾರೆಮೂರ್ತಿಗಳೂ ಹೊರಬಂದವು. ಕೂಡಲೇ 'ಜಗತ್ತಿನಲ್ಲೇ ಎತ್ತರದ ಸ್ತೂಪ' ಎಂಬ ಡಂಗುರ. ಶ್ರೀಲಂಕಾದ ಜೇತವನ ಸ್ತೂಪ ಇಂದಿಗೂ ಸುಮಾರು 71 ಮೀಟರ್ ಎತ್ತರವಿದೆ. ಕೇಸರಿಯಾ ಅದರ ಅರ್ಧದಷ್ಟೂ ಇಲ್ಲ. ಅದರ ಹಿರಿಮೆ ಇರುವುದು ಎತ್ತರದಲ್ಲಲ್ಲ, ಆ ಗೂಡುಗಳಲ್ಲಿ. ಪಾಲರ ದೊರೆ ಧರ್ಮಪಾಲ ಈಗಿನ ಬಾಂಗ್ಲಾದೇಶದ ಪಹಾರ್‌ಪುರದಲ್ಲಿ ಕಟ್ಟಿಸಿದ ಸೋಮಪುರ ಮಹಾವಿಹಾರದ ನಟ್ಟನಡುವೆಯೂ ಹಂತಹಂತವಾಗಿ ಏರುವ ಭಾರೀ ಕಟ್ಟಡವಿದೆ.

ಈ ಬಗೆ ತುದಿ ಮುಟ್ಟಿದ್ದು ಜಾವಾದ ಬೊರೊಬುದೂರಿನಲ್ಲಿ, ಕ್ರಿ.ಶ. 800ರ ಆಸುಪಾಸು, ಶೈಲೇಂದ್ರ ಅರಸರ ಕಾಲದಲ್ಲಿ. ಚೌಕದ ಹಂತಗಳ ಮೇಲೆ ಮೂರು ದುಂಡು ಹಂತ, ಅಲ್ಲಿ 72 ಜಾಲಂದರದ ಸ್ತೂಪಗಳು, ನೆತ್ತಿಯಲ್ಲೊಂದು ದೊಡ್ಡ ಸ್ತೂಪ. ನನಗೆ ಇವೆಲ್ಲಕ್ಕಿಂತ ಕುತೂಹಲದ್ದು ಅದರ ಬುಡ. 1885ರಲ್ಲಿ ಡಚ್ ಎಂಜಿನಿಯರ್ ಐಸರ್‌ಮಾನ್ ಹೊರಗಿನ ಕಲ್ಲುಗಳನ್ನು ತೆಗೆಸಿ ನೋಡಿದರೆ ಹಿಂದೆ ಇನ್ನೊಂದು ಗೋಡೆ! ಕರ್ಮಕ್ಕೆ ತಕ್ಕ ಫಲವನ್ನು ತೋರಿಸುವ 160 ಉಬ್ಬುಶಿಲ್ಪಗಳು ಅಲ್ಲಿದ್ದವು. ಕೆಲವದರ ಮೇಲೆ 'ವಿರೂಪ', 'ಸ್ವರ್ಗ' ಎಂಬಂಥ ಸಂಸ್ಕೃತ ಪದಗಳನ್ನು ಗೀಚಿದೆ: ಇಲ್ಲಿ ಏನನ್ನು ಕಡೆಯಬೇಕೆಂದು ಶಿಲ್ಪಿಗೆ ಕೊಟ್ಟ ಸೂಚನೆ. ಇಷ್ಟು ಕೆತ್ತಿದ ಮೇಲೆ ಮುಚ್ಚಿದ್ದೇಕೆ? ನರಕದ ದೃಶ್ಯಗಳನ್ನು ಮರೆಮಾಡಲು ಎಂದವರಿದ್ದಾರೆ. ಗುಡ್ಡದ ಮೇಲೆ ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಭಾರ ಹೊರಕ್ಕೆ ಜಾರತೊಡಗಿತು, ಅದಕ್ಕೆ ಒತ್ತುಗಟ್ಟೆ ಕಟ್ಟಿದರು ಎಂಬ ವಾದವೇ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಒಳಗೆ ಇಳಿದ ನೀರಿನ ಕಾಟ ಎಷ್ಟಿತ್ತೆಂದರೆ, 1970ರ ದಶಕದಲ್ಲಿ ಯುನೆಸ್ಕೊ ನೆರವಿನಿಂದ ಹತ್ತು ಲಕ್ಷದಷ್ಟು ಕಲ್ಲುಗಳನ್ನು ಬಿಚ್ಚಿ, ಚರಂಡಿ ಹಾಕಿ, ಮರಳಿ ಜೋಡಿಸಬೇಕಾಯಿತು.

ಬರ್ಮಾದ ಬಗಾನ್‌ನಲ್ಲಿ ದೊರೆ ಅನೊರಠ ಕಟ್ಟಿಸಿದ ಶ್ವೇಸಂದಾ ಪಗೋಡಕ್ಕೆ ಐದು ಹಂತ, ನಾಲ್ಕೂ ದಿಕ್ಕಿಗೆ ಕಡಿದಾದ ಮೆಟ್ಟಿಲು. ಟಿಬೆಟ್ಟಿನ ಗ್ಯಾಂಟ್ಸೆ ಕುಂಬುಮ್‌ನಲ್ಲಿ (1427) ಹಂತಗಳೊಳಗೇ ಚಿತ್ರ ಬರೆದ ಗುಡಿಗಳಿವೆ.

ಇವನ್ನೆಲ್ಲ ಒಂದೇ ವಂಶವೃಕ್ಷಕ್ಕೆ ಸೇರಿಸಿ, ಇದು ಅದರ ತಾಯಿ ಎನ್ನುವ ಚಪಲ ಲೇಖಕರಿಗೆ ಹೋಗಿಲ್ಲ. ಜಪಾನ್ ಅದಕ್ಕೆ ಅಡ್ಡ ಬರುತ್ತದೆ. ಒಸಾಕಾ ಬಳಿಯ ಸಕಾಯ್‌ನಲ್ಲಿ ಗ್ಯೋಕಿ ಎಂಬ ಭಿಕ್ಷು 13 ಹಂತದ ಮಣ್ಣಿನ ಸ್ತೂಪ ಕಟ್ಟಿಸತೊಡಗಿದ್ದು 727ರಲ್ಲಿ, ಅಂದರೆ ಬೊರೊಬುದೂರಿಗಿಂತ ಮೊದಲೇ. ಬುಡದ ಒಂದೊಂದು ಬದಿ ಸುಮಾರು 53 ಮೀಟರ್, ಎತ್ತರ ಒಂಬತ್ತು ಮೀಟರಿನ ಆಸುಪಾಸು. ಮೈಗೆಲ್ಲ ಹೆಂಚು ಹೊದಿಸಿದ್ದರು. ಅಗೆದಾಗ ಸಿಕ್ಕ ಹೆಂಚುಗಳಲ್ಲಿ ನೂರಾರರ ಮೇಲೆ ಜನರ ಹೆಸರುಗಳಿದ್ದವು. ಭಿಕ್ಷುಗಳು, ಭಿಕ್ಷುಣಿಯರು, ಸಂಸಾರಿಗಳು ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ.